ಒರೆಸಿ ಕೊಟ್ಟ ಡಬ್ಬಿ

ರಂಗೋಲಿ ಪುಡಿ ಮುಗಿದಿರಲಿಲ್ಲ. ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚೇ ಇತ್ತು. ನಾನು ಮುಚ್ಚಳ ಹಾಕಿದೆ. ನಡೆದದ್ದು ಇಷ್ಟೇ. ಆಮೇಲೆ ಊರವರು ಏನೇ ಹೇಳಲಿ, ಆ ಪರದೇಶದ ಹುಡುಗಿ ಎಲ್ಲರ ಮುಂದೆ ಕೈಮುಗಿದು ಏನೇ ಹೇಳಿರಲಿ, ಖರೆ ಮಾತು ಇದು.

ಮೊನ್ನೆ ಇಂಡಿ ಪೇಟೆಗೆ ಹೋಗಿದ್ದೆ. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಎಳ್ಳು, ಗುರೆಳ್ಳು, ಅರಿಷಿಣ ತರಬೇಕಿತ್ತು. ದಾರಿಯಲ್ಲಿ ನಿಂಬೆಹಣ್ಣಿನ ಚೀಲಗಳನ್ನು ಟೆಂಪೋಕ್ಕೆ ಹೇರುತ್ತಿದ್ದರು. ಒಂದು ಚೀಲ ಹರಿದು ಹಣ್ಣು ಗಾಲಿಯ ಕೆಳಗೆ ಸಿಕ್ಕು ದಾರಿಯೆಲ್ಲ ಹುಳಿ ವಾಸನೆ. ಆ ವಾಸನೆ ಮೂಗಿಗೆ ಬಡಿದರೆ ನನಗೆ ಆ ಚಳಿಗಾಲ ನೆನಪಾಗುತ್ತದೆ. ನೆನಪಾದರೆ ಬೇರೆ ಕೆಲಸ ಹಚ್ಚಿಕೊಳ್ಳುತ್ತೇನೆ. ಅವತ್ತೂ ಹಾಗೇ ಸರಸರ ನಡೆದು ಕಿರಾಣಿ ಅಂಗಡಿಗೆ ಹೋದರೆ, ನನ್ನ ಮುಂದೆ ನಿಂತವಳು ಸುಜಾತಾ. ಸಿಂದಗಿಯ ಹುಡುಗಿ. ಪರದೇಶದ ಕಾಲೇಜಿನ ಮಕ್ಕಳನ್ನು ನಮ್ಮ ಕಡೆಯ ಹಳ್ಳಿಗಳಿಗೆ ಕರೆತರುವ ಒಂದು ಸಂಸ್ಥೆಯಲ್ಲಿ ಇದ್ದಾಳೆ. ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ತಿಳಿಸಿ ಹೇಳುವುದು ಆಕೆಯ ಕೆಲಸ. ಆಕೆಯನ್ನು ನೋಡಿ ಮೂರು ವರ್ಷವಾಗಿತ್ತು.

"ರಂಗೋಲಿ ಎರಡು ಡಬ್ಬಿ ಕೊಡ್ರಿ," ಅನ್ನುತ್ತಿದ್ದಳು ಅಂಗಡಿಯವನಿಗೆ. "ಒಂದ ಸಾಕಾಗಂಗಿಲ್ಲ."

ಎರಡು ಯಾಕೆ ಎಂದು ಆಕೆ ಹೇಳಿದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಒಂದು ಡಬ್ಬಿಯ ಸಂಗತಿ ಆಗಲಿ.

ನಮ್ಮ ಊರು ಅಗರಖೇಡದ ಕಡೆ, ಭೀಮಾ ಹೊಳೆಗೆ ಹತ್ತಿರ. ಒಂದು ಮಳೆಗಾಲ ಹೊಳೆ ಊರೊಳಗೆ ಬಂತು. ದಂಡೆಯ ಓಣಿಯ ಮನೆಗಳ ಗೋಡೆ ಕುಸಿದವು. ಆ ಮಂದಿಗೆಲ್ಲ ಊರ ಆಚೆ, ಹಳ್ಳದ ಸಣ್ಣ ಸೇತುವೆ, ನಮ್ಮ ಮಾತಿನ ಪೂಲು, ದಾಟಿದರೆ ಸಿಗುವ ದನ ಮೇಯುವ ಗಾಯರಾಣದಲ್ಲಿ ತಗಡಿನ ಶೆಡ್ಡು ಹಾಕಿಕೊಟ್ಟರು. ಅದಕ್ಕೆ ನಾವು ಪ್ಲಾಟು ಅನ್ನುತ್ತೇವೆ. ನಾಲ್ಕು ದಿನದ ಮಟ್ಟಿಗೆ ಅಂದಿದ್ದರು. ಅಲ್ಲೇ ಮದುವೆ ಆದವು, ಅಲ್ಲೇ ಬಾಣಂತನ ಆದವು. ಸಾಬರ ಮನೆ, ಅಂಬಿಗರ ಮನೆ, ಹೊಲಗೇರಿಯ ಮನೆ, ಎಲ್ಲ ಒಂದೇ ಸಾಲು ತಗಡು. ಕುಡಿಯುವ ನೀರಿಗೆ ಅವರು ಊರು ದಾಟಿ ಈ ಕಡೆಯ ಬಾವಿಗೆ ಬರಬೇಕು.

ಮಾಲನಬಿ ಅಲ್ಲಿದ್ದಾಳೆ. ಆಕೆ ಮತ್ತು ನಾನು ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ನಮ್ಮಿಬ್ಬರದು ಮುಯ್ಯಾಳು. ನನ್ನ ಹೊಲದ ಕಸ ತೆಗೆಯಲು ಆಕೆ ಒಂದು ದಿನ ಬಂದರೆ ಆಕೆಯ ಹೊಲಕ್ಕೆ ನಾನು ಒಂದು ದಿನ ಹೋಗಬೇಕು. ಕೂಲಿ ಇಲ್ಲ, ಬರೆದಿಡುವುದಿಲ್ಲ. ಯಾರ ದಿನ ಯಾರ ಮೇಲಿದೆ ಅನ್ನುವುದು ಇಬ್ಬರಿಗೂ ಗೊತ್ತಿರುತ್ತದೆ. ಹೊಳೆ ಬಂದಾಗ ಆಕೆಯ ತುಂಡು ಹೊಲದ ಮಣ್ಣೆಲ್ಲ ಹೋಗಿ ಬರೀ ಗರಸು ಕಲ್ಲು ಉಳಿಯಿತು. ಅಲ್ಲಿಗೆ ನಾನು ಹೋಗಿ ಮಾಡುವ ಕೆಲಸವೇ ಇಲ್ಲದಾಯಿತು. ಆದರೂ ಆಕೆ ನನ್ನ ಕೆಲಸಕ್ಕೆ ಕರೆದಾಗ ಬರುವುದು ಬಿಡಲಿಲ್ಲ. ನಾನೂ ಕರೆಯುವುದು ಬಿಡಲಿಲ್ಲ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಕೆನಡಾ ದೇಶದ ಕಾಲೇಜಿನ ಹುಡುಗ ಹುಡುಗಿಯರು ಬಂದರು. ಮನೆಗೊಬ್ಬರಂತೆ ಉಳಿದರು. ನಮ್ಮ ಮನೆಗೆ ಬಂದವಳು ಕ್ಲಾರಾ. ಮೊದಮೊದಲು ನನ್ನ ನಾಲಿಗೆ ಹೊರಳಲಿಲ್ಲ, ಕಲಾವತಿ ಅಂದೆ. ಆಕೆ ನನ್ನನ್ನು ಆಯಿ ಅಂದಳು. ಮೊದಲ ದಿನ ಹಣಮಂತದೇವರ ಗುಡಿಯ ಕಟ್ಟೆಯ ಮೇಲೆ ಸುಜಾತಾ ನಿಂತು ಎಲ್ಲರಿಗೂ ಹೇಳಿದಳು.

"ಇವರು ಕಲಿಯಾಕ ಬಂದಾರ್ರಿ, ನಿಮಗ ಕಲಿಸಾಕ ಅಲ್ಲ. ಈ ವರ್ಷ ಒಂದು ನೀರಿನ ಟಾಕಿ ನಿಮ್ಮ ಜೋಡಿ ಕೂಡಿ ಕಟ್ತಾರ. ಎಲ್ಲಿ ಕಟ್ಟಬೇಕು ಅನ್ನೂದು ನೀವು ಹೇಳಬೇಕು, ಇವರು ಹೇಳಂಗಿಲ್ಲ. ನೀವು ಬ್ಯಾಡ ಅಂದದ್ದು ಮಾಡಂಗಿಲ್ಲ. ನೀವು ಮತ್ತ ಕರದ್ರ ಮುಂದಿನ ವರ್ಷ ಬಂದು ಇನ್ನೊಂದು ಕಟ್ತಾರ."

"ಹೇಳಿದ್ದಷ್ಟ ಮಾಡ್ತಾರ, ಬ್ಯಾಡ ಅಂದದ್ದು ಮಾಡಂಗಿಲ್ಲ," ಅಂದಳು ನಮ್ಮ ಬಾಜು ಮನೆಯ ಸಾತವ್ವ. "ನಮ್ಮ ಗಂಡಸರನ್ನೂ ಒಂದ ವರ್ಷ ಇವರ ಸಾಲಿಗಿ ಹಾಕ್ರಿ."

ಎಲ್ಲರೂ ನಕ್ಕರು. ಸುಜಾತಾ ಅದನ್ನೂ ಇಂಗ್ಲಿಷಿನಲ್ಲಿ ಹೇಳಿದಳು, ಅವರೂ ನಕ್ಕರು. ಆರಂಭ ಚೆನ್ನಾಗಿಯೇ ಆಯಿತು.

ಹುಡುಗಿ ಕೆಟ್ಟವಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಟ್ಟವಳಾಗಿದ್ದರೆ ನನಗೆ ಇಷ್ಟು ತ್ರಾಸು ಇರುತ್ತಿರಲಿಲ್ಲ. ನಸುಕಿನಲ್ಲಿ ಎದ್ದು ನನ್ನ ಜೊತೆ ನಿಂಬೆ ತೋಟಕ್ಕೆ ಬರುತ್ತಿದ್ದಳು. ಮುಳ್ಳು ಎಲ್ಲಿರುತ್ತದೆ ಎಂದು ತೋರಿಸಿದೆ, ಆದರೂ ಕೈಯೆಲ್ಲ ಗೀರಿಸಿಕೊಂಡಳು. ಗೀರಿದಲ್ಲಿ ಹಣ್ಣಿನ ರಸ ಬಿದ್ದು ಉರಿದರೆ ಕೈ ಝಾಡಿಸುತ್ತ ಕುಣಿಯುತ್ತಿದ್ದಳು, ಮತ್ತೆ ಅದೇ ಕೊಂಬೆಗೆ ಕೈ ಹಾಕುತ್ತಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ರೊಟ್ಟಿಗೆ ಮುಂಚೆ ತನ್ನ ಕೈ ಮೂಸಿ ನೋಡುವಳು.

ಊಟಕ್ಕೆ, ಇರುವುದಕ್ಕೆ ಬದಲಾಗಿ ತಾನು ಏನು ಮಾಡಲಿ ಎಂದು ಒಂದು ದಿನ ಸುಜಾತಾಳ ಬಾಯಿಂದ ಕೇಳಿಸಿದಳು. ನಾನು ಮುಯ್ಯಾಳಿನ ಮಾತು ಹೇಳಿದೆ. ಮಾಲನಬಿಯೂ ಅವತ್ತು ಹಣ್ಣು ಕೀಳಲು ಬಂದಿದ್ದಳು.

"ನೀ ನನ್ನ ತೋಟದಾಗ ದುಡದೀ. ಇನ್ನ ನಾ ನಿನ್ನ ತೋಟಕ್ಕ ಬಂದು ದುಡೀಬೇಕು," ಅಂದೆ.

"ನನ್ನ ತೋಟ ದೂರ ಇದೆ, ಆಯಿ," ಅಂದಳು ಕಲಿತಷ್ಟು ಕನ್ನಡದಲ್ಲಿ.

"ಇಮಾನದಾಗ ಹೋಗಿ ಕಸ ತಗದು ಸಂಜಿಕ ಬರೂಣು ಬಿಡು," ಅಂದಳು ಮಾಲನಬಿ. "ನೀಲಕ್ಕಗ ಕಿಡಕಿ ಬಾಜೂಕ ಸೀಟ್ ಹಿಡಿ, ಆಕಿಗಿ ಬಸ್ಸಿನ್ಯಾಗ ವಾಂತಿ ಬರ್ತಾವ."

ಆ ಹುಡುಗಿ ನಕ್ಕು ನಕ್ಕು ಗಿಡದ ಬುಡಕ್ಕೆ ಕುಂತಳು. ಆಮೇಲೆ ಸುಮ್ಮನಾಗಿ ಆ ಮುಯ್ಯಾಳು ಅನ್ನುವ ಶಬ್ದವನ್ನು ಬಾಯಲ್ಲಿ ನಾಲ್ಕು ಸಲ ಹೇಳಿಕೊಂಡಳು.

ನಕಾಶೆ ತೆಗೆಯುವ ದಿನ ಬಂತು. ಟಾಕಿ ಎಲ್ಲಿ ಬೇಕು ಎಂದು ಗೊತ್ತಾಗಲು ಊರನ್ನೇ ನೆಲದ ಮೇಲೆ ರಂಗೋಲಿಯಲ್ಲಿ ಬರೆಯಬೇಕು, ಆಮೇಲೆ ಒಂದೊಂದು ಮನೆಯವರು ತಮ್ಮ ಮನೆ ಇದ್ದಲ್ಲಿ ಹುಣಸೆಬೀಜ ಇಡಬೇಕು, ನೀರಿಗೆ ದೂರ ಹೋಗುವವರು ಹೆಚ್ಚು ಬೀಜ ಇಡಬೇಕು. ಬೀಜ ಎಲ್ಲಿ ಗುಂಪಾಗುತ್ತವೋ ಆ ಕಡೆ ಟಾಕಿ. ಎಷ್ಟು ಹೊತ್ತಿಗೆ ಮಾಡೋಣ ಎಂದು ಕ್ಲಾರಾ ನನ್ನನ್ನೇ ಕೇಳಿದಳು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಹೆಂಗಸರೆಲ್ಲ ಖಾಲಿ ಇರುತ್ತಾರೆ ಅಂದೆ. ನಮ್ಮ ಓಣಿಯ ಹೆಂಗಸರು ಖಾಲಿ ಇರುತ್ತಾರೆ. ಪ್ಲಾಟಿನವರು ಆ ಹೊತ್ತಿಗೆ ಕೂಲಿಗೆ ನಿಂಬೆ ತೋಟದಲ್ಲಿ, ತೊಗರಿ ಹೊಲದಲ್ಲಿ ಇರುತ್ತಾರೆ. ಅದು ನನಗೆ ಗೊತ್ತಿರಲಿಲ್ಲ ಅಂದರೆ ನನ್ನ ಬಾಯಿಗೆ ಹುಳ ಬೀಳಬೇಕು.

ಗುಡಿಯ ಮುಂದೆ ಸಗಣಿ ಸಾರಿಸಿದ ನೆಲ. ಕ್ಲಾರಾ ಇಂಡಿಯಿಂದ ತಂದ ರಂಗೋಲಿ ಡಬ್ಬಿಯನ್ನು ಎರಡೂ ಕೈಯಿಂದ ನನಗೆ ಕೊಟ್ಟಳು. ನುಣ್ಣನೆಯ ಬಿಳಿ ಪುಡಿ. ನಾನು ಓದಿದ್ದು ಮೂರನೇ ಇಯತ್ತೆ, ಆದರೆ ರಂಗೋಲಿ ಎಳೆಯುವುದರಲ್ಲಿ ಈ ಊರಲ್ಲಿ ನನ್ನ ಕೈಗೆ ಸಾಟಿ ಇಲ್ಲ. ದಾರಿ ಎಳೆದೆ, ಗುಡಿ, ಮಸೂತಿ, ಸಾಲಿ, ಬಾವಿ, ನಾಲ್ಕು ಓಣಿ, ನಮ್ಮ ಮನೆ ಮುಂದಿನ ಬೇವಿನ ಗಿಡದ ಎಲೆಗಳನ್ನೂ ಬಿಡಿಸಿದೆ. ಆ ಹುಡುಗರು ಕಟ್ಟೆಯ ಮೇಲಿಂದ ಫೋಟೋ ತೆಗೆಯುತ್ತಿದ್ದರು. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಗರ್ವ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ದಾರಿ ಎಳೆಯುತ್ತ ಎಳೆಯುತ್ತ ಹಳ್ಳದ ಪೂಲಿಗೆ ಬಂದೆ. ಅದರಾಚೆ ಪ್ಲಾಟು. ಕೈ ನಿಂತಿತು.

ಪ್ಲಾಟು ಬರೆದರೆ ಅಲ್ಲಿಯ ಮನೆಗಳ ಬೀಜವನ್ನು ಯಾರಾದರೂ ಇಡಲೇಬೇಕು. ಅವರು ಎಲ್ಲರಿಗಿಂತ ದೂರದಿಂದ ನೀರು ಹೊರುವವರು, ಬೀಜ ರಾಶಿ ಬೀಳುತ್ತವೆ. ಟಾಕಿ ಪೂಲಿನ ಕಡೆ ಹೋಗುತ್ತದೆ. ಬರೆಯದಿದ್ದರೆ ಬೇವಿನ ಗಿಡದ ಬುಡಕ್ಕೆ, ನಮ್ಮ ಬಾಗಿಲಿಗೆ ಬರುತ್ತದೆ. ಇಷ್ಟು ಲೆಕ್ಕ ಮಾಡಲು ಸಾಲಿ ಬೇಕಿಲ್ಲ. ಮದುವೆಯಾಗಿ ಬಂದಾಗಿನಿಂದ ಬಾವಿಯಿಂದ ಕೊಡ ಹೊತ್ತವಳು ನಾನು. ಮೊಣಕಾಲು ಸವೆದಿದ್ದವು.

ಸಾತವ್ವ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಸಾಕ ಬಿಡು. ಅದೇನ ಊರಾಗ ಬರ್ತೈತೇನ?"

"ಪುಡಿ ಮುಗೀತು," ಅಂದೆ. ಮುಚ್ಚಳ ಹಾಕಿ ಡಬ್ಬಿಯನ್ನು ಸೀರೆಯ ನೆರಿಗೆಯ ಹಿಂದೆ ಇಟ್ಟುಕೊಂಡು ಕುಂತೆ.

ಕ್ಲಾರಾ ಚುಕ್ ಚುಕ್ ಅಂದಳು, ತನಗೇ ಬೈದುಕೊಂಡ ಹಾಗೆ. ಊರು ಇಷ್ಟೇ ಏನ್ರಿ ಎಂದು ಸುಜಾತಾ ಕೇಳಿದಳು. ಸುತ್ತ ಕುಂತ ಹೆಂಗಸರಲ್ಲಿ ಒಬ್ಬರೂ ಇಲ್ಲ ಅನ್ನಲಿಲ್ಲ. ಹುಣಸೆಬೀಜಗಳೆಲ್ಲ ಬೇವಿನ ಗಿಡದ ಸುತ್ತ ಬಿದ್ದವು.

ಮಾರನೇ ದಿನ ಬೆಳಿಗ್ಗೆ ಎದ್ದು ಅದೇ ಡಬ್ಬಿಯಿಂದ ನನ್ನ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದೆ. ಅಷ್ಟು ಒಳ್ಳೆಯ ಪುಡಿ ಬಿಡಲು ಮನಸ್ಸಾಗಲಿಲ್ಲ. ಮಾಲನಬಿ ಕೊಡ ಹೊತ್ತುಕೊಂಡು ಬಾವಿಗೆ ಹೋಗುವವಳು ನಿಂತಳು.

"ಛಲೋ ಹಾಕೀ ಯಕ್ಕಾ. ನಿನ್ನಿ ಪುಡಿ ಮುಗೀತಂತಲ್ಲ, ಸಂಜಿಕ ಕೂಲಿಯಿಂದ ಬಂದಾಗ ಓಣ್ಯಾಗ ಹೇಳಿದ್ರು."

"ಇದು ಬ್ಯಾರೆ," ಅಂದೆ.

ಆಕೆ ಡಬ್ಬಿ ನೋಡಿದಳು, ನೆಲದ ಮೇಲಿನ ಎಳೆ ನೋಡಿದಳು, ಹೋದಳು. ಒಂದು ಮಾತು ಆಡಿದ್ದರೆ ನಾನೂ ನಾಲ್ಕು ಮಾತು ಆಡಿ ಜಗಳ ಮಾಡಿ ಮುಗಿಸುತ್ತಿದ್ದೆ.

ಟಾಕಿಯ ಕೆಲಸ ಶುರುವಾಯಿತು. ಮನೆಗೊಬ್ಬರು ಬರಬೇಕು ಅಂದಿದ್ದರು. ಆ ಹುಡುಗರು ಪಾಯ ತೋಡಿದರು, ಕೈಗೆ ಗುಳ್ಳೆ ಎದ್ದವು. ಮಾಲನಬಿ ಕೂಲಿ ಮುಗಿಸಿಕೊಂಡು ಮಧ್ಯಾಹ್ನದ ಮೇಲೆ ಸೊಸೆ ಶಬಾನಾಳನ್ನು ಕರೆದುಕೊಂಡು ಬಂದು ಕಲ್ಲು ಹೊತ್ತಳು. ಪ್ಲಾಟಿನ ಬೇರೆ ಹೆಂಗಸರೂ ಬಂದರು. ಅವರ ಮನೆ ನಕಾಶೆಯಲ್ಲಿ ಇರಲಿಲ್ಲ, ಕಲ್ಲು ಹೊರುವಾಗ ಮಾತ್ರ ಅವರೂ ಊರವರೇ.

"ಯಾಕ ಬಂದೀ? ಬೆನ್ನ ನೋಯ್ತಿತ್ತಲ್ಲ ನಿಂದು," ಅಂದೆ ಒಂದು ದಿನ.

"ನಿನ್ನ ಬಾಗಲದಾಗ ಕೆಲಸ ಐತಿ ಅಂದ ಮ್ಯಾಲ ಬರಬೇಕಲ್ಲ," ಅಂದಳು. ಕಲ್ಲು ಇಳಿಸಿ ಸೆರಗಿನ ಸಿಂಬೆ ಬಿಚ್ಚಿ ಕೊಡವಿದಳು. "ನಮ್ಮ ಕಡೀಗೊಂದ ನಳ ಬರ್ತೈತೇನ ಯಕ್ಕಾ? ಶಬಾನಾಗ ಆರನೇದ ತಿಂಗಳ. ಪೂಲು ಏರಿ ಇಳದು ಹೊರೂದಂದ್ರ."

"ಮೊದಲ ಇದ ಆಗ್ಲಿ. ಮುಂದಿನ ವರ್ಷ ಅಲ್ಲೆ ಕಟ್ಟಿಸೂಣು."

ಆ ಮಾತನ್ನು ಮನಸ್ಸಿನಿಂದಲೇ ಹೇಳಿದ್ದೆ. ಮುಂದಿನ ವರ್ಷ ಎನ್ನುವುದು ನನಗೆ ಬಹಳ ಅನುಕೂಲದ ವರ್ಷವಾಗಿತ್ತು.

ಟಾಕಿಗೆ ನೀರು ಬಂತು. ಕರೆಂಟು ಇದ್ದಷ್ಟು ಹೊತ್ತು ಬೋರಿನಿಂದ ತುಂಬುವ ಟಾಕಿ, ಮೂರು ನಳ. ನಮ್ಮ ಓಣಿಯವರು ಸೇರಿ ಒಂದು ಸರತಿ ಮಾಡಿಕೊಂಡರು: ಓಣಿಯವರು ತುಂಬಿಕೊಂಡ ಮೇಲೆ ಪ್ಲಾಟಿನವರು. ಓಣಿಯವರು ತುಂಬುವುದು ಎಂದೂ ಮುಗಿಯಲಿಲ್ಲ. ಕೊಡ ಆದ ಮೇಲೆ ಬಕೆಟ್ಟು, ಬಕೆಟ್ಟು ಆದ ಮೇಲೆ ಎಮ್ಮೆಯ ಬಾನಿ. ಪ್ಲಾಟಿನವರು ಹೊಸ ಟಾಕಿಯ ಮುಂದಿನಿಂದಲೇ ಹಾಯ್ದು ಹಳೆಯ ಬಾವಿಗೆ ಹೋಗುತ್ತಿದ್ದರು. ನಾನು ಬಾಗಿಲಲ್ಲಿ ಕುಂತು ನೋಡುತ್ತಿದ್ದೆ. ಮೊಣಕಾಲು ನೋವು ಕಡಿಮೆಯಾಗಿತ್ತು.

ಎಳ್ಳಮಾವಾಸ್ಯೆ ಬಂತು. ಸಜ್ಜೆರೊಟ್ಟಿ, ಕಡಬು, ಭಜ್ಜಿಪಲ್ಲೆ, ಶೇಂಗಾದ ಹೋಳಿಗೆ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಚರಗ ಚೆಲ್ಲುವಾಗ ಹುಡುಗಿ ತಾನೂ ಬುಟ್ಟಿ ಹಿಡಿದು ನನ್ನ ಹಿಂದೆ ಬಂದಳು. ಮಾಡಿದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಚೆಲ್ಲುತ್ತ ಹೊಲದ ಬದುವಿನ ಗುಂಟ ಪೂರ್ತಿ ಸುತ್ತಬೇಕು, ಹೊಲವೂ ಉಣ್ಣಬೇಕಲ್ಲ. ನಮ್ಮ ಹೊಲದ ಒಂದು ಮೂಲೆ ಸವಳು. ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ. ನಾನು ಅಲ್ಲಿಯ ತನಕ ಹೋಗಿ ಚೆಲ್ಲಿದೆ. ಆಕೆ ಸುತ್ತ ನೋಡಿದಳು.

"ಇಲ್ಲಿ ಏನೂ ಇಲ್ಲ, ಆಯಿ. ಇಲ್ಲಿ ಯಾಕೆ?"

"ಇದೂ ಹೊಲಾನ ಅಲ್ಲೇನ," ಅಂದೆ. "ಒಂದ ಮೂಲಿ ಬಿಟ್ರ ಆಗಂಗಿಲ್ಲ."

ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ಆಕೆಗೆ ಏನೂ ಅನ್ನಿಸಲಿಲ್ಲ, ಹೋಳಿಗೆಯ ಚೂರನ್ನು ದೂರಕ್ಕೆ ಬೀಸಿ ಒಗೆದಳು.

ಆಮೇಲಿನ ಒಂದು ಬೆಳಿಗ್ಗೆ ಆಕೆ ಊರು ಸುತ್ತಲು ಹೊರಟಳು. ಮೊಬೈಲಿನಲ್ಲಿ ನನ್ನ ರಂಗೋಲಿಯ ಫೋಟೋ ಇಟ್ಟುಕೊಂಡು ದಾರಿ ಗುರುತು ಹಿಡಿಯುತ್ತ ಹೋದಳಂತೆ. ಫೋಟೋದಲ್ಲಿ ಊರು ಪೂಲಿಗೆ ಮುಗಿದಿತ್ತು. ಕೊಡ ಹೊತ್ತ ಹೆಂಗಸರು ಪೂಲು ದಾಟಿ ಮುಂದಕ್ಕೆ ಹೋಗುತ್ತಿದ್ದರು. ಆಕೆ ಅವರ ಹಿಂದೆ ಹೋದಳು. ಮಾಲನಬಿಯ ಶೆಡ್ಡಿನಲ್ಲಿ ಚಹಾ ಕುಡಿದು, ಶಬಾನಾಳ ಜೊತೆ ಬಾವಿಗೆ ಹೋಗಿ ಒಂದು ಕೊಡ ತಾನೇ ಹೊತ್ತು, ಅರ್ಧ ಮೈಮೇಲೆ ಚೆಲ್ಲಿಕೊಂಡು, ಮಧ್ಯಾಹ್ನ ಒದ್ದೆ ಅಂಗಿಯಲ್ಲಿ ಮನೆಗೆ ಬಂದಳು. ಫೋನನ್ನು ನನ್ನ ಮುಂದೆ ಹಿಡಿದು ಪೂಲಿನ ಆಚೆಯ ಖಾಲಿ ನೆಲದ ಮೇಲೆ ಬೆರಳಿಟ್ಟಳು.

"ಆಯಿ, ಇದು ಯಾಕೆ ಇಲ್ಲ?"

ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. "ಪುಡಿ ಮುಗದಿತ್ತಲ್ಲವಾ," ಅಂದೆ.

ಆಕೆ ನಂಬಿದಳು. ಅಲ್ಲೇ ಒಲೆಯ ಮುಂದೆ ಕುಂತು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ತನ್ನ ಭಾಷೆಯಲ್ಲಿ ಏನೇನೋ ಅಂದಳು. ಅವತ್ತು ರೊಟ್ಟಿ ತಿನ್ನಲಿಲ್ಲ.

ಹೋಗುವುದಕ್ಕೆ ಮುಂಚೆ ಗುಡಿಯ ಮುಂದೆ ಕಡೆಯ ಸಭೆ ಆಯಿತು. ಏನು ತಪ್ಪಾಗಿದೆ ಹೇಳಿರಿ, ನಾವು ತಿದ್ದಿಕೊಳ್ಳುತ್ತೇವೆ ಎಂದು ಸಂಸ್ಥೆಯವರು ಎಲ್ಲರನ್ನೂ ಕೇಳಿದರು. ನಮ್ಮಲ್ಲಿ ಮನೆಯಲ್ಲಿ ಉಂಡು ಹೊರಟ ಮಂದಿಗೆ ಯಾರು ತಪ್ಪು ಹೇಳುತ್ತಾರೆ. ಎಲ್ಲ ಛಲೋ ಆಗೇತ್ರಿ, ಎಲ್ಲ ಛಲೋ ಆಗೇತ್ರಿ ಎಂದು ಒಬ್ಬರ ಹಿಂದೆ ಒಬ್ಬರು ಅಂದರು. ಪ್ಲಾಟಿನವರನ್ನು ಅವತ್ತು ಕ್ಲಾರಾ ತಾನೇ ಹೋಗಿ ಕರೆತಂದಿದ್ದಳು, ಅವರು ಹಿಂದೆ ಕುಂತಿದ್ದರು. ಆಕೆ ಎದ್ದು ಅವರ ಮುಂದೆ ಹೋಗಿ ನಿಂತಳು. ಸುಜಾತಾ ಬಾಜೂಕ್ಕೆ ನಿಂತು ಒಂದೊಂದೇ ಮಾತು ಕನ್ನಡದಲ್ಲಿ ಹೇಳಿದಳು.

"ತಪ್ಪು ನಂದು ಅಂತಾಳ್ರಿ. ರಂಗೋಲಿ ಒಂದ ಡಬ್ಬಿ ತಂದಿದ್ದೆ, ಸಾಕಾಗಲಿಲ್ಲ. ನಿಮ್ಮ ಮನಿ ಬಿಟ್ಟು ಹೋದವು. ನೀವು ಕಲ್ಲು ಹೊತ್ರಿ, ನಿಮಗ ನೀರ ಇಲ್ಲ. ಮುಯ್ಯಾಳು ಅಂತ ನನಗ ಆಯಿ ಕಲಿಸ್ಯಾರ, ನಾನು ನಿಮ್ಮ ಮುಯ್ಯಿ ಇಟ್ಟುಕೊಂಡು ಹೊಂಟೀನಿ ಅಂತಾಳ್ರಿ."

ಹುಡುಗಿ ಕೈಮುಗಿದಳು. ಅಳುತ್ತಿದ್ದಳು.

ಆಗ ನಾನು ಎದ್ದು ಮಾತಾಡಬೇಕಿತ್ತು. ಬಾಯಿ ಕಟ್ಟಿತ್ತು ಅಂದರೆ ಸುಳ್ಳು. ಅದೇ ಸಭೆಯಲ್ಲಿ ಅದೇ ಬಾಯಿಂದ ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಅಂದಿದ್ದೆ. ಸಾತವ್ವ ನನ್ನ ತೊಡೆ ಚಿವುಟಿದಳು, ಸುಮ್ಮನಿರು ಅಂತ. ಚಿವುಟುವ ಅಗತ್ಯವಿರಲಿಲ್ಲ.

ಮಾಲನಬಿ ಎದ್ದಳು. ಈಗ ಹೇಳುತ್ತಾಳೆ ಅಂದುಕೊಂಡೆ. ಹೇಳಲಿ ಅಂತಲೂ ಅನ್ನಿಸಿತು. ಆಕೆ ಹೋಗಿ ಹುಡುಗಿಯ ಮುಗಿದ ಕೈ ಹಿಡಿದು ಕೆಳಗೆ ಇಳಿಸಿದಳು.

"ಕೈ ಇಳಸವಾ. ನೀ ಯಾಕ ಮುಗೀತಿ," ಅಂದಳು. ಅಷ್ಟೇ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಹೊರಡುವ ದಿನ ಕ್ಲಾರಾಳ ಉಡಿಯಲ್ಲಿ ನಿಂಬೆಹಣ್ಣು, ಜೋಳ, ಒಂದು ಜಂಪರ್ ಪೀಸು ಇಟ್ಟು ಉಡಿ ತುಂಬಲು ನನ್ನ ಸೊಸೆಗೆ ಹೇಳಿದೆ. ಬೇರೆ ಏನು ಬೇಕು ಎಂದು ಕೇಳಿದೆ.

"ಆ ಖಾಲಿ ಡಬ್ಬಿ ಕೊಡು, ಆಯಿ. ನನಗೆ ನೆನಪು ಇರಬೇಕು," ಅಂದಳು.

ನಾನು ಒಳಗೆ ಹೋದೆ. ಡಬ್ಬಿ ಗೋಡೆಯ ಮಾಡದಲ್ಲಿತ್ತು. ಉಳಿದ ಪುಡಿಯನ್ನು ಒಂದು ಹಿತ್ತಾಳೆಯ ಬಟ್ಟಲಿಗೆ ಸುರಿದೆ. ಡಬ್ಬಿಯ ಒಳಗೆ ಸೆರಗು ಹಾಕಿ ಮೂಲೆ ಮೂಲೆ ಒರೆಸಿದೆ. ಒಂದು ಕಣ ಬಿಡಲಿಲ್ಲ. ಹೊರಗೆ ತಂದು ಆಕೆಯ ಕೈಗೆ ಕೊಟ್ಟೆ. ಆಕೆ ಅದನ್ನು ತನ್ನ ಬಟ್ಟೆಗಳ ನಡುವೆ, ಒಡೆಯುವ ಸಾಮಾನು ಇಟ್ಟ ಹಾಗೆ ಇಟ್ಟುಕೊಂಡಳು. ಬಾಯಿಂದ ಹೇಳಿದ ಸುಳ್ಳನ್ನು ಜನ ಮರೆಯಬಹುದು. ಇದನ್ನು ನಾನು ಕೈಯಿಂದ ಮಾಡಿದೆ.

ಮುಂದಿನ ವರ್ಷ ಅವರು ಬರಲಿಲ್ಲ. ಸಿಂದಗಿಯ ಕಡೆ ಯಾವುದೋ ಊರಿಗೆ ಹೋದರು ಎಂದು ಕೇಳಿದೆವು. ಅದರ ಮುಂದಿನ ವರ್ಷವೂ ಬರಲಿಲ್ಲ. ಶಬಾನಾಳ ಕೂಸು ಈಗ ಪೂಲಿನ ಮೇಲೆ ಓಡಾಡುತ್ತದೆ, ಅವ್ವನ ಕೊಡದ ಹಿಂದೆ. ಮಾಲನಬಿ ಮೊದಲಿನ ಹಾಗೇ ನನ್ನನ್ನು ಯಕ್ಕಾ ಅನ್ನುತ್ತಾಳೆ, ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಾಳೆ. ಕೆಲಸಕ್ಕೆ ಮಾತ್ರ ಬರುವುದು ಬಿಟ್ಟಳು. ಬೆನ್ನು ನೋವು ಅಂದಳು. ನಾನು ಮತ್ತೆ ಕರೆಯಲಿಲ್ಲ. ಬಟ್ಟಲಿನ ಪುಡಿ ಮಾಡದಲ್ಲೇ ಇತ್ತು. ಹಬ್ಬಕ್ಕೂ ಅದನ್ನು ಮುಟ್ಟಲಿಲ್ಲ, ಚೆಲ್ಲಲೂ ಇಲ್ಲ. ನನ್ನ ಸೊಸೆ ಒಮ್ಮೆ ಕೈ ಹಾಕಿದಳು, ಬೈದೆ.

ಈಗ ಮೊನ್ನೆಯ ಅಂಗಡಿಯ ಮಾತಿಗೆ ಬರುತ್ತೇನೆ. ಸುಜಾತಾ ನನ್ನನ್ನು ನೋಡಿ ಕಾಲು ಮುಟ್ಟಿದಳು. ಆಕೆಯ ಹಿಂದೆ ಹೊಸ ಪರದೇಶದ ಮಕ್ಕಳು ನಿಂತು ಬಾಳೆಹಣ್ಣು ತಿನ್ನುತ್ತಿದ್ದರು.

"ಎರಡು ಡಬ್ಬಿ ಯಾಕವಾ?" ಅಂದೆ.

"ಕ್ಲಾರಾ ಮಾಡಿದ ರೂಲ್ಸ್ ರೀ ಆಯಿ," ಅಂತ ನಕ್ಕಳು. "ಆಕಿ ಈಗ ಅದ ಕಾಲೇಜಿನ್ಯಾಗ ಅದಾಳ. ಹೊರಡೋ ಹುಡುಗರಿಗೆಲ್ಲ ಆಕೀನ ತಯಾರಿ ಮಾಡಿಸ್ತಾಳ. ಮೊದಲನೇ ದಿನಾನ ನೀವು ಕೊಟ್ಟ ಖಾಲಿ ಡಬ್ಬಿ ಟೇಬಲ್ ಮ್ಯಾಲ ಇಟ್ಟು, ನನ್ನ ತಪ್ಪಿನಿಂದ ಒಂದು ಓಣಿಗಿ ನೀರ ಹೋಗಲಿಲ್ಲ, ಎಲ್ಲಿಗಿ ಹೋದ್ರೂ ಎರಡ ಡಬ್ಬಿ ಒಯ್ಯಿರಿ ಅಂತ ಹೇಳ್ತಾಳ."

ಅವರಲ್ಲೊಂದು ಹುಡುಗಿ ಎರಡೂ ಡಬ್ಬಿ ತೆಗೆದುಕೊಂಡು ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ ಇಟ್ಟಳು.

"ಈ ಸಲ ಎಲ್ಲಿಗಿ ಹೊಂಟೀರಿ?"

"ಬಾಗೇವಾಡಿ ಕಡೆ ರೀ."

"ನಮ್ಮೂರಿಗಿ ಯಾಕ ಬರಂಗಿಲ್ಲ? ಪ್ಲಾಟಿನ್ಯಾಗ ಇನ್ನೂ ನೀರಿಲ್ಲ."

ಸುಜಾತಾಳ ನಗು ನಿಂತಿತು. "ಹ್ಯಾಂಗ ಬರೂಣ್ರಿ. ನಮ್ಮಿಂದ ನಿಮ್ಮೂರಿಗಿ ಅನ್ಯಾಯ ಆತು, ಮತ್ತ ಹೋಗಿ ತ್ರಾಸ ಕೊಡೂದು ಬ್ಯಾಡ ಅಂತ ಅವತ್ತ ಎಲ್ಲಾರೂ ಕೂಡಿ ಮಾತಾಡಿದ್ರು. ನೀವೂ ಯಾರೂ ಕರೀಲಿಲ್ಲ. ಸಿಟ್ಟಿನ್ಯಾಗ ಅದಾರ ಅಂತ ತಿಳಕೊಂಡ್ವಿ."

ಬಾಯಿ ತೆಗೆದೆ. ಅಷ್ಟರಲ್ಲಿ ನಮ್ಮೂರ ಬಸ್ಸು ಹಾರನ್ ಹೊಡೆಯಿತು. ಬಸ್ಸು ಇನ್ನೊಂದು ಇರುತ್ತದೆ. ನಾನು ಅದನ್ನೇ ಹತ್ತಿದೆ.

ಮರುದಿನ ಬೆಳಿಗ್ಗೆ ಎದ್ದು ಮಾಡದಲ್ಲಿದ್ದ ಬಟ್ಟಲು ತೆಗೆದುಕೊಂಡೆ. ಸೆರಗಿನಲ್ಲಿ ಮುಚ್ಚಿಕೊಂಡು ಪೂಲು ದಾಟಿ ಪ್ಲಾಟಿಗೆ ಹೋದೆ. ಮಾಲನಬಿ ಖಾಲಿ ಕೊಡ ಹಿಡಿದು ಹೊರಬಿದ್ದಿದ್ದಳು.

"ಏನ ಯಕ್ಕಾ, ದಾರಿ ತಪ್ಪೀಯೇನ?"

ಬಟ್ಟಲು ತೋರಿಸಿದೆ. "ಇದು ಅವತ್ತಿಂದು. ಮುಗದಿರಲಿಲ್ಲ."

ಆಕೆ ಬಗ್ಗಿ ನೋಡಿದಳು. "ನನಗ ಹೇಳಾಕ ಬಂದೀ? ಮಾರನೇ ದಿನಾನ ನಿನ್ನ ಬಾಗಲದಾಗ ನೋಡೀನಿ ನಾ. ಗೊತ್ತಿದ್ದಾಕಿ ಮುಂದ ಏನ ಹೇಳ್ತಿ. ಗೊತ್ತಿಲ್ಲದ ಅತ್ತಾಳಲ್ಲ, ಆಕಿಗಿ ಹೇಳು."

"ಆಕಿ ಕೆನಡಾದಾಗ ಅದಾಳ."

"ಅಲ್ಲಿ ಫೋನ್ ಇಲ್ಲೇನ? ಶಬಾನಾ, ಆ ಸಿಂದಗಿ ಹುಡುಗಿ ಅವತ್ತ ಬರಸಿ ಹೋದ ನಂಬರ್ ಹಚ್ಚ."

ಶಬಾನಾ ಫೋನು ಹಚ್ಚಿ ನನ್ನ ಕಿವಿಗೆ ಕೊಟ್ಟಳು. ಮಾಲನಬಿ ನನ್ನ ಕೈಯಿಂದ ಬಟ್ಟಲು ಕಸಿದು ಹೊಸ್ತಿಲ ಬಾಜೂಕ್ಕೆ ಇಟ್ಟು, ಕೊಡವನ್ನು ನನ್ನ ಟೊಂಕಕ್ಕೆ ಒತ್ತಿದಳು.

"ನಿಂತು ಮಾತಾಡಬ್ಯಾಡ. ನಡಕೋತ ಮಾತಾಡು. ಹೊತ್ತಾದ್ರ ಬಾವಿಗಿ ಗದ್ಲ ಆಗ್ತೈತಿ."

ಪೂಲಿನ ಮೇಲೆ ಇದ್ದಾಗ ಸುಜಾತಾ ಹಲೋ ಅಂದಳು. "ಡಬ್ಬ್ಯಾಗ ಪುಡಿ ಇತ್ತವಾ," ಅಂದೆ. "ಮುಚ್ಚಿದಾಕಿ ನಾನು. ಒರಿಸಿ ಕೊಟ್ಟಾಕಿ ನಾನು. ಹುಡುಗೀದ ತಪ್ಪಿಲ್ಲ. ಆಕಿಗಿ ಹೇಳು. ಹೇಳಿ ಈ ಊರಿಗಿ ಬರ್ರಿ, ಪ್ಲಾಟಿನವರು ಕರೀತಾರ, ಅವರನ್ನ ಕೇಳಿ ಬರ್ರಿ." ಆಕೆ ಏನ್ರಿ, ಏನ್ರಿ ಅಂದಳು. ಮತ್ತೊಮ್ಮೆ ಹೇಳಿದೆ. ಅಷ್ಟರಲ್ಲಿ ನಮ್ಮ ಬೇವಿನ ಗಿಡದ ಹತ್ತಿರ ಬಂದಿದ್ದೆವು, ಟಾಕಿಯ ಸುತ್ತ ಓಣಿಯ ಹೆಂಗಸರೆಲ್ಲ ಇದ್ದರು. ಮೂರನೇ ಸಲ ಅವರಿಗೂ ಕೇಳುವ ಹಾಗೆ ಹೇಳಿದೆ.

ಮಾಲನಬಿ ಬಾವಿಯ ಕಡೆಗೆ ಹೆಜ್ಜೆ ಹಾಕಿದಳು. ನಾನು ಹೋಗಲಿಲ್ಲ. ನಳದ ಕೆಳಗೆ ಸಾತವ್ವನ ಬಕೆಟ್ಟು ಇತ್ತು. ಅದನ್ನು ಸರಿಸಿ ಮಾಲನಬಿಯ ಕೊಡ ಇಟ್ಟೆ.

"ಸರತಿ ಐತಿ ನೀಲವ್ವ," ಅಂದಳು ಸಾತವ್ವ.

"ಗೊತ್ತೈತಿ," ಅಂದೆ.

ಕೊಡ ತುಂಬುವ ತನಕ ನಳ ಬಿಟ್ಟು ಸರಿಯಲಿಲ್ಲ. ತುಂಬಿದ ಮೇಲೆ ಮಾಲನಬಿ ತಿರುಗಿ ಬಂದು ಎತ್ತಿಕೊಳ್ಳಲು ಬಗ್ಗಿದಳು. ಆಕೆಯ ಕೈ ಸರಿಸಿ ಅದನ್ನು ನಾನೇ ಎತ್ತಿ ಟೊಂಕದ ಮೇಲಿಟ್ಟುಕೊಂಡು ಪ್ಲಾಟಿನ ದಾರಿ ಹಿಡಿದೆ.